ಅಮ್ಮನ ಜಲಪಾತ

ನವೆಂಬರ್ 9, ಭಾನುವಾರ. ಒಸಾಕಾ.

ಅಮ್ಮನ ಗೊಣಗಾಟ ಇನ್ನೂ ಕಿವಿಯಲ್ಲೇ ಇದೆ. ಮೂವತ್ತೈದು ವರ್ಷದ ಹಿಂದೆ ಅವಳು ಚುಕ್ಕಿ ಚುಕ್ಕಿಯಾಗಿ ಚಿತ್ರ ಬರೆದ ವಿಡಿಯೋ ಗೇಮ್ ಚೆನ್ನಾಗಿ ಕಾಣಲಿ ಅಂತ ನಿಪ್ಪೊನ್‌ಬಾಶಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳನ್ನೆಲ್ಲ ಸುತ್ತಿದ್ದೆ. ಹಳೇ ಟಿವಿಯ ಹಳದಿ ವೈರ್ ಕಿತ್ತು, ಬಣ್ಣಗಳನ್ನು ಬೇರೆಬೇರೆಯಾಗಿ ಒಯ್ಯುವ ವೈರ್ ಹಾಕಿದೆ. ಚಿತ್ರವೇನೋ ನಿಚ್ಚಳವಾಯಿತು.

"ನನ್ನ ಜಲಪಾತ ಎಲ್ಲೇ? ಇದೇನಿದು, ಪಟ್ಟೆಪಟ್ಟೆ ಪೈಜಾಮ!"

ಹಳದಿ ವೈರಿನಲ್ಲಿ ಬಣ್ಣ ಕಲಸಿಹೋಗುತ್ತೆ ಅಂತ ಗೊತ್ತಿದ್ದೇ ಗೆರೆ ಎಳೆದಿದ್ದಳಂತೆ. ಆ ಮಬ್ಬಿನಲ್ಲೇ ಗೆರೆಗಳು ನೀರಾಗುತ್ತಿದ್ದವಂತೆ.

"ಮೂರು ವಾರದ ಕೆಲಸ ಕಣೇ ಮಿನೇಕೊ. ಒಂದು ವೈರಲ್ಲಿ ಹಾಳ್ಮಾಡ್ದೆ."

ಹೊಸ ವೈರ್ ಕೀಳಲು ಹೋದೆ. ಆಗ ಜಲಪಾತದ ಪಕ್ಕದ ಬಂಡೆಯ ಮೇಲೆ ನಾಲ್ಕು ಕೆಂಪು ಚುಕ್ಕಿ ಕಂಡವು. ಚಿಕ್ಕಂದಿನಿಂದ ನೂರು ಸಲ ಆಡಿದ್ದೇನೆ, ಯಾವತ್ತೂ ಕಂಡಿರಲಿಲ್ಲ.

"ನೋಡು, ನೀನೂ ತಪ್ಪು ಮಾಡಿದ್ದೀಯ!"

ಅಮ್ಮ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದಳು. "ಅದು ನೀನು. ನಿನ್ನ ಕೆಂಪು ರೇನ್‌ಕೋಟ್. ಆಗೆಲ್ಲ ನಾನು ಆಫೀಸಲ್ಲೇ ಮಲಗ್ತಿದ್ನಲ್ಲ... ಯಾರಿಗೂ ಕಾಣಲ್ಲ ಅಂತ ಅಲ್ಲಿ ಕೂರಿಸಿದ್ದೆ."

ಹಳದಿ ವೈರನ್ನೇ ಮತ್ತೆ ಹಾಕಿಕೊಟ್ಟೆ. ನೀರು ಹರಿಯಿತು, ನಾನು ಅಳಿಸಿಹೋದೆ. ಅಮ್ಮ ಮಾತ್ರ ಜಲಪಾತ ಬಿಟ್ಟು ಆ ಬಂಡೆಯನ್ನೇ ನೋಡುತ್ತಾ ಕೂತಳು.