ಇನ್ಸ್‌ಪೆಕ್ಟರ್ ಜಲಾಲ್‌ಗೆ ಮೂರು ದಿನದ ಸಂತಾಪ

ಗಸ್ಸಾನ್, ನನ್ನವನೇ,

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಇನ್ಸ್‌ಪೆಕ್ಟರ್ ಜಲಾಲ್ ಸತ್ತ. ಭಾನುವಾರ ಮಧ್ಯಾಹ್ನದ ಕಂತಿನಲ್ಲಿ, ಬಂದರಿನ ಗೋದಾಮಿನೊಳಗೆ, ಎದೆಗೆ ಮೂರು ಗುಂಡು ಬಿದ್ದು ಸತ್ತ. ನಿನಗೆ ಇದು ಹೊಸದಲ್ಲ. ಆ ತುರ್ಕಿ ಧಾರಾವಾಹಿಯ ಪೊಲೀಸನಿಗೆ ನಮ್ಮ ಡಮಾಸ್ಕಸ್ಸಿನ ಅರಬಿ ಮಾತು ಕೊಟ್ಟವನು ನೀನು, ಅವನನ್ನು ಅರಬಿಯಲ್ಲಿ ಸಾಯಿಸಿದವನೂ ನೀನೇ. ಸ್ಟುಡಿಯೋದ ಬಚ್ಚಲಷ್ಟು ಚಿಕ್ಕ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಅವನ ಕೊನೆಯ ಉಸಿರು ಎಳೆದು, ಮನೆಗೆ ಬಂದು ಕೈತೊಳೆದು ಊಟಕ್ಕೆ ಕೂತೆ. ನನಗೆ ಒಂದು ಮಾತು ಹೇಳಲಿಲ್ಲ. ನಾನು ಎಷ್ಟು ಕಾಡಿದ್ದೆ! ಮುಂದೇನಾಗುತ್ತೆ ಹೇಳು, ಜಲಾಲ್ ಆ ಡಾಕ್ಟರಮ್ಮನನ್ನು ಮದುವೆಯಾಗ್ತಾನಾ ಹೇಳು ಅಂತ. "ಹೇಳಿಬಿಟ್ರೆ ನೀನು ಟಿವಿ ಹಾಕಲ್ಲ. ನೀನೇ ನೋಡದಿದ್ರೆ ನನಗೆ ಸಂಬಳ ಯಾರು ಕೊಡ್ತಾರೆ?" ಎಂದು ನಕ್ಕೆ. ಅದಾದ ವಾರದಲ್ಲೇ ಸ್ಟುಡಿಯೋದಿಂದ ಬರುವಾಗ ಚೆಕ್‌ಪೋಸ್ಟಿನವರು ನಿನ್ನ ಗುರುತಿನ ಚೀಟಿ ನೋಡಿ ವ್ಯಾನಿನಿಂದ ಇಳಿಸಿಕೊಂಡರು.

ಯಾಕೆ ಎಂದು ಯಾರೂ ಹೇಳಲಿಲ್ಲ. ಎಲ್ಲಿ ಎಂದೂ ಹೇಳಲಿಲ್ಲ. ಫೋನಿನಲ್ಲಿ ನೆಂಟರು ಕೇಳಿದರೆ, ಜೈಲು ಎನ್ನಲು ಹೆದರುವ ನಮ್ಮೂರಿನವರು ಹೇಳುವ ಹಾಗೆ "ಚಿಕ್ಕಮ್ಮನ ಮನೆಗೆ ಹೋಗಿದ್ದಾರೆ" ಎನ್ನುತ್ತಿದ್ದೆ. ಆ ಚಿಕ್ಕಮ್ಮನ ಮನೆ ಯಾವುದೆಂದು ಕೇಳಿಕೊಂಡು ನಾನು ಹತ್ತದ ಕಚೇರಿ ಮೆಟ್ಟಿಲಿಲ್ಲ. ಎಲ್ಲ ಕಡೆಯೂ ಅದೇ ಉತ್ತರ, ಆ ಹೆಸರಿನವರು ನಮ್ಮಲ್ಲಿಲ್ಲ. ಅಷ್ಟರಲ್ಲಿ ಚಾನೆಲ್ಲಿನವರು ತಿಂಗಳುಗಟ್ಟಲೆ ಹಿಡಿದಿಟ್ಟಿದ್ದ ಹೊಸ ಕಂತುಗಳನ್ನು ಬಿಡಲು ಶುರು ಮಾಡಿದರು. ಎಲ್ಲೂ ಇಲ್ಲದ ನೀನು ವಾರದಲ್ಲಿ ಐದು ದಿನ ನಮ್ಮ ಹಜಾರದಲ್ಲಿ ಮಾತಾಡತೊಡಗಿದೆ.

ನಿನ್ನ ಅಮ್ಮ ಏನು ಮಾಡಿದರು ಗೊತ್ತೇ? ಕುರ್ಚಿಯನ್ನು ತಿರುಗಿಸಿ ಟಿವಿಗೆ ಬೆನ್ನು ಹಾಕಿ ಕೂತರು. "ಆ ತುರ್ಕಿಯವನ ಮುಖ ಯಾರಿಗೆ ಬೇಕೇ ಮೈಸೂನ್? ನಾನು ಹೆತ್ತಿದ್ದು ಗಂಟಲು" ಎಂದರು. ಗೋಡೆ ನೋಡುತ್ತಾ ಕೇಳುತ್ತಿದ್ದರು. ಜಲಾಲ್ ಕಳ್ಳನನ್ನು ಬೈದರೆ ನಗುತ್ತಿದ್ದರು. ಅವನು ಕೆಮ್ಮಿದರೆ ನನ್ನ ಕಡೆ ತಿರುಗಿ, "ಸ್ಟುಡಿಯೋದಲ್ಲಿ ಹೀಟರ್ ಇರ್ಲಿಲ್ವಾ?" ಎಂದು ಕೇಳುತ್ತಿದ್ದರು. ನಾನಂತೂ ಕಣ್ಣು ಮುಚ್ಚಿ ಕೇಳುತ್ತಿದ್ದೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಡಾಕ್ಟರಮ್ಮನಿಗೆ ನೀನು ಪ್ರೀತಿ ಹೇಳಿದ ಕಂತಿನ ದಿನ ನನಗೆ ಹೊಟ್ಟೆ ಉರಿಯಿತು. ನನ್ನ ಹತ್ತಿರ ಅಷ್ಟು ನಯವಾಗಿ ಯಾವತ್ತು ಮಾತಾಡಿದ್ದೆ ನೀನು?

ಕರೆಂಟು ಹೋದರೂ ಕಾರಿನ ಬ್ಯಾಟರಿಯಿಂದ ಟಿವಿ ನಡೆಸುವುದು ನಮ್ಮ ಮನೆಯಲ್ಲಿ ಮಾತ್ರವಾದ್ದರಿಂದ ಕಟ್ಟಡದ ಹೆಂಗಸರೆಲ್ಲ ಇಲ್ಲೇ ಸೇರುತ್ತಿದ್ದರು. ಉಮ್ ರಾತಿಬ್ ಕೂಡ. ಅವಳ ಮಗ ಯಾರ ಕೈಕೆಳಗೆ ಕೆಲಸ ಮಾಡುತ್ತಾನೆ, ಅವಳು ಕೇಳಿದ್ದೆಲ್ಲ ಎಲ್ಲಿಗೆ ಮುಟ್ಟುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೂ ಅವಳಿಗೆ ಮೊದಲ ಕುರ್ಚಿ, ಮೊದಲ ಲೋಟ. ಜಲಾಲ್‌ನ ಧ್ವನಿ ಯಾರದೆಂದು ಅವಳಿಗೂ ಗೊತ್ತು, ಒಬ್ಬರೂ ಆ ಮಾತೆತ್ತುತ್ತಿರಲಿಲ್ಲ. ನಿನ್ನ ಅಮ್ಮನನ್ನು ಮಾತ್ರ ದಿನವೂ ನೂರು ಸಲ "ಉಮ್ ಗಸ್ಸಾನ್" ಎಂದು ಕರೆಯುತ್ತಿದ್ದರು. ಗಸ್ಸಾನನ ಅಮ್ಮ ಎಂದು ಕರೆಯಬಹುದು, ಗಸ್ಸಾನ್ ಎಲ್ಲಿ ಎಂದು ಕೇಳುವಂತಿಲ್ಲ.

ಇನ್ನು ಭಾನುವಾರದ ಕಂತು. ನಾನು ಅಭಿಮಾನಿಯಾದರೂ ಕುರುಡಿಯಲ್ಲ, ಕಥೆ ಬರೆದವನಿಗೆ ಬುದ್ಧಿ ಕಡಿಮೆ. ಇಡೀ ಠಾಣೆಯನ್ನು ಬಿಟ್ಟು ಇನ್ಸ್‌ಪೆಕ್ಟರ್ ಒಬ್ಬನೇ ಗೋದಾಮಿಗೆ ಹೋಗುತ್ತಾನೆಯೇ? ಮೂರು ಗುಂಡು ಬಿದ್ದವನು ಅಷ್ಟು ಹೊತ್ತು ಮಾತಾಡುತ್ತಾನೆಯೇ? ತುರ್ಕಿಯವರ ಸಾವು ಬೇಗ ಮುಗಿಯುವುದೇ ಇಲ್ಲ, ಪಿಟೀಲು ನಿಲ್ಲುವವರೆಗೆ ಜೀವ ಹೋಗುವಂತಿಲ್ಲ. ಜೊತೆಯ ಹುಡುಗ ಪೇದೆ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳುತ್ತಿದ್ದ. ನಮ್ಮ ಹಜಾರದಲ್ಲಿ ಎಲ್ಲರ ಕೈಯಲ್ಲೂ ಸೂರ್ಯಕಾಂತಿ ಬೀಜ, ತಿನ್ನುವವರು ಯಾರೂ ಇಲ್ಲ. ಆಗ ನೀನು ಹೇಳಿದೆ, "ಅಮ್ಮನಿಗೆ ಹೇಳು. ಕಾಯೋದು ಬೇಡ ಅಂತ ಹೇಳು." ಆಮೇಲೆ ಒಂದು ಉಸಿರು. ಆಮೇಲೆ ಇಲ್ಲ.

ಹೆಂಗಸರು ಗೊಳೋ ಎಂದರು. ಎದುರು ಮನೆಯ ಹುಡುಗಿ ಮೂಗು ಒರೆಸಿಕೊಳ್ಳುತ್ತಾ ಕಥೆ ಬರೆದವನ ಕೈ ಸೇದಿಹೋಗಲಿ ಎಂದು ಶಪಿಸಿದಳು. ನಿನ್ನ ಅಮ್ಮ ಮಾತ್ರ ಅಳಲಿಲ್ಲ. ಎದ್ದು ಟಿವಿ ಆರಿಸಿದರು. ಒಳಗೆ ಹೋಗಿ ಬಿಳಿ ತಲೆವಸ್ತ್ರ ಹಾಕಿಕೊಂಡು ಬಂದು, "ಮೈಸೂನ್, ಕಾಫಿ ಇಡು. ಸಕ್ಕರೆ ಹಾಕ್ಬೇಡ" ಎಂದರು.

ಸಕ್ಕರೆಯಿಲ್ಲದ ಕಾಫಿ ಕೊಡುವುದು ಸಾವಿನ ಮನೆಯಲ್ಲಿ ಎಂದು ನಿನಗೆ ಹೇಳಬೇಕಾಗಿಲ್ಲ. ಅಡುಗೆಮನೆಗೆ ಹೋಗಿ ಬೇಕೆಂದೇ ನಾಲ್ಕು ಚಮಚ ಸಕ್ಕರೆ ಸುರಿದು ಮಾಡಿದೆ, ಮದುವೆಮನೆಯ ಕಾಫಿಯ ಹಾಗೆ. ಅವರು ಹಿಂದೆಯೇ ಬಂದು ನೋಡಿ, ಪಾತ್ರೆ ಎತ್ತಿ ತೊಟ್ಟಿಗೆ ಚೆಲ್ಲಿದರು.

"ಅತ್ತೆ, ಅದು ಯಾರೋ ಇಸ್ತಾಂಬುಲ್‌ನಲ್ಲಿ ಕೂತು ಬರೆದಿದ್ದು! ಗಸ್ಸಾನ್ ಓದಿದ್ದಾನೆ ಅಷ್ಟೇ. ಹೋದ ವರ್ಷ ಬೆಳ್ಳುಳ್ಳಿ ಮಾತ್ರೆ ಜಾಹೀರಾತಿಗೂ ಓದಿದ್ದ. ಅದನ್ನೂ ನಿಮಗೇ ಹೇಳಿದ್ದಾ?"

"ಬರೆದೋನು ಯಾರಾದ್ರೂ ಆಗ್ಲಿ. ಹೇಳಿದ್ದು ನನ್ನ ಮಗ. ಕಾಯೋದು ಬೇಡ ಅಂದ."

"ನಾನು ಕಾಯ್ತೀನಿ!"

"ನೀನು ಕಾಯಿ. ನಿನಗೆ ವಯಸ್ಸಿದೆ. ನನಗೆ ಅಳೋಕೆ ಬಿಡು."

ಹಾಗೆಂದವರು ಹೊರಗೆ ಹೋಗಿ ಉಮ್ ರಾತಿಬ್‌ಳ ಮುಂದೆಯೇ, ನಾಳೆಯಿಂದ ಮೂರು ದಿನ ನಮ್ಮ ಮನೆಯಲ್ಲಿ ಇನ್ಸ್‌ಪೆಕ್ಟರ್ ಜಲಾಲ್‌ನ ಸಂತಾಪ, ಎಲ್ಲರೂ ಬನ್ನಿ ಎಂದು ಕರೆದರು. ಅವರ ಹೆಡ್ಡತನಕ್ಕೆ ಸಿಟ್ಟು ಬಂತು. ಅದು ಹೆಡ್ಡತನವಲ್ಲ ಎಂದು ತಿಳಿಯಲು ನನಗೆ ಒಂದು ರಾತ್ರಿ ಬೇಕಾಯಿತು. ಹಿಡಿದುಕೊಂಡು ಹೋದವನ ಹೆಸರಿನಲ್ಲಿ ಸಂತಾಪಕ್ಕೆ ಬಾಗಿಲು ತೆರೆದರೆ ಮಾರನೆಯ ದಿನವೇ ಹಿಡಿದವರು ಬರುತ್ತಾರೆ, ಅವನು ಸತ್ತ ಎಂದು ನಿಮಗೆ ಯಾರು ಹೇಳಿದರು, ನಾವು ಕೊಂದೆವು ಎನ್ನುತ್ತೀರಾ ಎಂದು. ಕೆಳಗಿನ ಬೀದಿಯ ಗಡಿಯಾರ ರಿಪೇರಿಯವನ ಹೆಂಡತಿ, ಹಿಡಿದುಕೊಂಡು ಹೋದ ಮೊದಲ ಮಗನಿಗಾಗಿ ಕುರಾನ್ ಓದಿಸಿದ್ದಕ್ಕೆ ಅವಳ ಎರಡನೆಯ ಮಗನೂ ಹೋದ. ಟಿವಿಯ ಪೊಲೀಸನಿಗೆ ಅತ್ತರೆ ಯಾವ ಪೊಲೀಸ್ ಬಂದು ಏನು ಕೇಳುತ್ತಾನೆ?

ಸೋಮವಾರ ಬೆಳಿಗ್ಗೆಯಿಂದ ಹೆಂಗಸರು ಬಂದರು. ನಮ್ಮ ಕಟ್ಟಡದವರಷ್ಟೇ ಅಲ್ಲ, ಇಡೀ ಬೀದಿ ಬಂತು. ಕೆಲವರು ನಗುತ್ತಾ ಬಂದರು. ಒಳಗೆ ಕಾಲಿಟ್ಟು ನಿನ್ನ ಅಮ್ಮನ ಮುಖ ನೋಡಿದ ಮೇಲೆ ಯಾರೂ ನಗಲಿಲ್ಲ. "ನಿಮ್ಮ ತಲೆ ಕ್ಷೇಮವಾಗಿರಲಿ ಉಮ್ ಗಸ್ಸಾನ್. ದೇವರು ಜಲಾಲ್ ಮೇಲೆ ಕರುಣೆಯಿಡಲಿ. ಎಂಥಾ ಹುಡುಗ! ಎಂಥಾ ಧ್ವನಿ!" ಎನ್ನುತ್ತಿದ್ದರು. ಧ್ವನಿ ಎನ್ನುವಾಗ ನಿನ್ನ ಅಮ್ಮನ ಕೈ ಹಿಡಿದುಕೊಳ್ಳುತ್ತಿದ್ದರು. ಮಗನನ್ನೋ ತಮ್ಮನನ್ನೋ ಕಳೆದುಕೊಂಡು ಬಾಯಿ ಮುಚ್ಚಿಕೊಂಡಿದ್ದ ಎಷ್ಟು ಜನ ಬಂದು ಅತ್ತು ಹೋದರೋ, ಗಸ್ಸಾನ್! ಕಹಿ ಕಾಫಿಯನ್ನು ನಿನ್ನ ಅಮ್ಮನೇ ಮಾಡಿದರು. ನಾನು ಒಂದು ಗುಟುಕೂ ಕುಡಿಯಲಿಲ್ಲ. ಬಣ್ಣದ ಅಂಗಿ ಹಾಕಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತೆ. ನಿನ್ನನ್ನು ಎಲ್ಲರೂ ಸೇರಿ ಹೂಳುತ್ತಿದ್ದಾರೆ, ನಾನೊಬ್ಬಳಾದರೂ ಹೂಳಬಾರದು ಎಂದು ಹಟ.

ಉಮ್ ರಾತಿಬ್ ಬಿಡುವವಳೇ? "ಏನ್ ಉಮ್ ಗಸ್ಸಾನ್, ನನ್ನ ಯಜಮಾನ್ರು ಸತ್ತಾಗ್ಲೂ ಇಷ್ಟು ಜನ ಸೇರ್ಲಿಲ್ಲ! ಒಬ್ಬ ಟಿವಿಯೋನಿಗೆ ಇಷ್ಟೆಲ್ಲಾನಾ?"

"ನಿಮ್ಮ ಯಜಮಾನ್ರು ವಾರಕ್ಕೆ ಐದು ದಿನ ನಮ್ಮನೆಗೆ ಬರ್ತಿರ್ಲಿಲ್ಲವಲ್ಲಮ್ಮ" ಎಂದರು ನಿನ್ನ ಅಮ್ಮ. ಮೂಲೆಯಲ್ಲಿ ಯಾರೋ ಕಿಸಕ್ಕೆಂದು, ತಕ್ಷಣ ಅದನ್ನು ಅಳುವಾಗಿ ಬದಲಾಯಿಸಿಕೊಂಡರು.

ನಿನ್ನೆ ಮೂರನೆಯ ದಿನ. ಮಧ್ಯಾಹ್ನದ ನಮಾಜು ಆದ ಮೇಲೆ ಬಾಗಿಲು ತಟ್ಟಿದ ಶಬ್ದವಾಯಿತು. ಹೆಂಗಸರಾಗಿದ್ದರೆ ತಟ್ಟದೆ ಒಳಗೆ ಬರುತ್ತಿದ್ದರು. ಹೋಗಿ ನೋಡಿದರೆ ಮೆಟ್ಟಿಲ ಮೇಲೆ ಒಬ್ಬ ಗಂಡಸು. ಎಲುಬಿಗೆ ಕೋಟು ಹಾಕಿದಂತಿದ್ದ, ಮುಂದಿನ ಹಲ್ಲುಗಳಿರಲಿಲ್ಲ. ಒಳಗೆ ಬರುವುದಿಲ್ಲ ಎಂದ.

"ತರಕಾರಿಯವನ ಹತ್ರ ಜನ ಮಾತಾಡ್ಕೋತಿದ್ರು ತಂಗಿ, ಈ ಮನೇಲಿ ಜಲಾಲ್ ಸಂತಾಪ ಅಂತ. ನಾನು ಹೊರಗೆ ಬಂದು ಎರಡು ತಿಂಗಳಾಯ್ತು. ಬರ್ಬೇಕು ಅಂತ ಎಷ್ಟು ಸಲ ಈ ಬೀದಿ ತುದಿಗೆ ಬಂದು ವಾಪಸ್ ಹೋಗಿದ್ದೀನೋ! ಹೆದರಿಕೆ. ಸಂತಾಪದ ಮನೆಗೆ ಬರೋರನ್ನ ಯಾರೂ ಏನೂ ಕೇಳಲ್ಲ, ಅದಕ್ಕೇ ಇವತ್ತು ಬಂದೆ. ನೀವು ಮೈಸೂನ್ ಅಲ್ವಾ?"

ಹೆಸರು ಹೇಳಲಿಲ್ಲ ಅವನು. ನಾನು ಕೇಳಲೂ ಇಲ್ಲ. ಅವನು ಮೆಲ್ಲಗೆ, ಪಾಠ ಒಪ್ಪಿಸುವವನಂತೆ ಹೇಳಿದ.

ಕಾಲು ಚಾಚಲೂ ಜಾಗವಿಲ್ಲದ ಜೈಲಿನ ಆ ಕೋಣೆಯಲ್ಲಿ ನೀನು ಎಲ್ಲರಿಗೂ ಜಲಾಲ್‌ನ ಕಂತುಗಳನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದೆಯಂತೆ, ಕಳ್ಳನ ಧ್ವನಿ ಬೇರೆ, ಡಾಕ್ಟರಮ್ಮನ ಧ್ವನಿ ಬೇರೆ. ಕಾವಲಿನವನಿಗೂ ಆ ಧಾರಾವಾಹಿ ಅಂದರೆ ಪ್ರಾಣ. ಅವನು ದಿನವೂ ಬಾಗಿಲ ಕಿಂಡಿ ತೆಗೆದು, ಲೇ ಜಲಾಲ್, ನಾಳೆ ಏನಾಗುತ್ತೋ ಎಂದು ಕೇಳುತ್ತಿದ್ದನಂತೆ. ಹೇಳಿದರೆ ಒಂದು ಬೇಯಿಸಿದ ಆಲೂಗೆಡ್ಡೆ. ಅದನ್ನು ಎಲ್ಲರೂ ಉಗುರಿನಷ್ಟು ಉಗುರಿನಷ್ಟು ಹಂಚಿಕೊಳ್ಳುತ್ತಿದ್ದರಂತೆ. ಕೊನೆಯಲ್ಲಿ ಜಲಾಲ್ ಸಾಯುತ್ತಾನೆ, ಅಮ್ಮನಿಗೆ ಕಾಯೋದು ಬೇಡ ಅನ್ನುತ್ತಾನೆ ಎಂದು ಕೋಣೆಯವರಿಗೆ ಹೇಳಿದೆಯಂತೆ. ಕಾವಲಿನವನಿಗೆ ಮಾತ್ರ, ಮದುವೆಯಾಗುತ್ತಾನೆ ಎಂದು ಸುಳ್ಳು ಹೇಳಿಕೊಂಡು ಬಂದೆಯಂತೆ.

ಅಷ್ಟು ಕಾಡಿದ ನನಗೆ ಹೇಳಲಿಲ್ಲ, ಅವರಿಗೆ ಹೇಳಿದೆ. ಆ ಹೊತ್ತಿನಲ್ಲೂ ನನಗೆ ಮೊದಲು ಬಂದದ್ದು ಆ ಸಿಟ್ಟೇ, ನೋಡು.

"ಚಳಿಗಾಲದಲ್ಲಿ ಕೆಮ್ಮು ಹಿಡೀತು. ಮೊದಲು ಧ್ವನಿ ಹೋಯ್ತು ತಂಗಿ. ಆಮೇಲೂ ಆ ಕಾವಲಿನವನು ಕೇಳೋದು ಬಿಡ್ಲಿಲ್ಲ. ಗಸ್ಸಾನ್ ತುಟಿ ಆಡಿಸ್ತಿದ್ದ, ನಾನು ಅದನ್ನ ನೋಡ್ಕೊಂಡು ಜೋರಾಗಿ ಹೇಳ್ತಿದ್ದೆ. ಆಲೂಗೆಡ್ಡೆ ಬರ್ತಿತ್ತು. ಒಂದಿನ ಬೆಳಿಗ್ಗೆ ಎಬ್ಬಿಸಿದ್ರೆ ಏಳಲಿಲ್ಲ. ನನ್ನ ಪಕ್ಕದಲ್ಲೇ ಇದ್ದ. ಕಣ್ಣು ಮುಚ್ಚಿದ್ದು ನಾನೇ. ಇದನ್ನ ನಿಮಗೆ ಹೇಳ್ಬೇಕಿತ್ತು. ನನ್ನ ಕೈಯಾರೆ ಮುಚ್ಚಿದೆ."

"ಆಮೇಲೆ?"

"ಕಂಬಳಿ ಸುತ್ತಿ ಎತ್ಕೊಂಡು ಹೋದ್ರು. ಎಲ್ಲಿಗೋ ಗೊತ್ತಿಲ್ಲ. ಮಾರನೇ ದಿನ ಕಾವಲಿನವನು ಕಿಂಡಿ ತೆಗೆದು ಮತ್ತೆ ಕೇಳ್ದ, ಮದುವೆ ಯಾವಾಗ ಅಂತ. ಆಗುತ್ತೆ ಸಾರ್, ಬೇಗ ಆಗುತ್ತೆ ಅಂದೆ."

ಅವನು ಇಳಿದು ಹೋದ. ಕಾಫಿ ಕುಡಿಯಿರಿ ಎನ್ನಲೂ ಮರೆತೆ. ಗೋಡೆಗೆ ಒರಗಿ ನಿಂತಾಗ ನನಗೆ ಆ ಕಾವಲಿನವನ ಯೋಚನೆಯೇ ಬಂತು. ಭಾನುವಾರದ ಕಂತನ್ನು ಅವನೂ ನೋಡಿರುತ್ತಾನೆ. ಕಾಲಮೇಲೆ ಕಾಲು ಹಾಕಿಕೊಂಡು, ಚಹಾ ಕುಡಿಯುತ್ತಾ, ನಿನ್ನ ಧ್ವನಿ ಕೇಳುತ್ತಾ. ಜಲಾಲ್ ಸತ್ತಾಗ ಅವನೂ ಅತ್ತಿರುತ್ತಾನೆ. ಅವನ ಕಣ್ಣಲ್ಲಿ ನೀರು ಬಂದಿದ್ದರೆ ಅದು ಬೆಂಕಿಯಾಗಲಿ.

ಒಳಗೆ ಬಂದೆ. ಕೋಣೆಯ ತುಂಬ ಹೆಂಗಸರು. ನಿನ್ನ ಅಮ್ಮ ತಲೆಯೆತ್ತಿ, "ಯಾರೇ ಅದು?" ಎಂದರು.

"ಜಲಾಲ್ ಅಭಿಮಾನಿ ಅಂತೆ ಅತ್ತೆ" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಸೋಫಾದ ಮೇಲೆ ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿದರು. ಹೋಗಿ ಕೂತೆ. ಮೂರು ದಿನದಿಂದ ನನ್ನನ್ನೇ ಗಮನಿಸುತ್ತಿದ್ದ ಉಮ್ ರಾತಿಬ್ ಕಣ್ಣು ಕಿರಿದಾಗಿಸಿ ಮುಂದೆ ಬಾಗಿದಳು.

"ಏನಮ್ಮಾ ಮೈಸೂನ್, ಇಷ್ಟು ದಿನ ದೂರ ನಿಂತಿದ್ದೆ. ನಿನಗೂ ಅಷ್ಟು ಇಷ್ಟ ಇದ್ನಾ ಆ ಇನ್ಸ್‌ಪೆಕ್ಟರ್?"

"ಹೌದು" ಎಂದೆ. "ನನಗೆ ತುಂಬಾ ಇಷ್ಟ ಇದ್ದ."

ಆಮೇಲೆ ಅತ್ತುಬಿಟ್ಟೆ, ಗಸ್ಸಾನ್. ಬಾಯಿಗೆ ತಲೆವಸ್ತ್ರ ಒತ್ತಿಕೊಳ್ಳದೆ, ಕಿಟಕಿ ಹಾಕಿದೆಯೇ ಎಂದು ನೋಡದೆ, ಅವಳ ಕಣ್ಣೆದುರಿಗೇ, ಬೀದಿಗೆ ಕೇಳುವಂತೆ ಅತ್ತೆ. ಅವಳು ಎದ್ದು ಬಂದು ನನ್ನ ಬೆನ್ನು ಸವರಿದಳು. ಸವರಿಸಿಕೊಂಡು ಅತ್ತೆ.

ಇಷ್ಟು ದಿನ ನಮಾಜಿನ ಕೊನೆಗೆ, ಅವನನ್ನು ಬಿಡಿಸು ದೇವರೇ ಎಂದು ಬೇಡುತ್ತಿದ್ದೆ. ಇವತ್ತು ಬೆಳಿಗ್ಗೆ, ಅವನ ಮೇಲೆ ಕರುಣೆಯಿಡು ಎಂದು ಬೇಡಿದೆ. ನಿನ್ನನ್ನು ಎಲ್ಲಿ ಮಲಗಿಸಿದ್ದಾರೋ ಆ ಮಣ್ಣು ನಿನಗೆ ಭಾರವಾಗದಿರಲಿ, ಅಲ್ಲಿ ನಿನಗೆ ಚಳಿಯಾಗದಿರಲಿ.

ಹೋಗಿ ಬಾ ಎನ್ನಲಾರೆ. ಹೋಗು, ನನ್ನ ರಾಜ.

ನಿನ್ನ ಹೆಂಡತಿ,
ಮೈಸೂನ್