ಅಯಸ್ಕಾಂತ ಜಾರಿದ ಬಾಗಿಲು

ಡೆಟ್ರಾಯಿಟ್
ಅಕ್ಟೋಬರ್ 9, 1994

ನನ್ನ ಮುದ್ದಿನ ಒಡೆಸ್ಸ,

ಹೇಗಿದ್ದೀಯೇ? ನಿನ್ನ ಕಾಗದಕ್ಕೆ ಉತ್ತರ ಬರೆಯದೆ ಬೇಸಿಗೆಯೆಲ್ಲ ಕಳೆದುಬಿಟ್ಟೆ, ಬೈಕೋಬೇಡ. ರೂಫಸ್ ತೀರಿಕೊಂಡಮೇಲೆ ಮನೆಯಲ್ಲಿ ಒಂದು ಕೆಲಸಕ್ಕೆ ಕೈಹಾಕಿದರೆ ಹತ್ತು ಎದುರಾಗ್ತವೆ.

ಅವನ ಕ್ಯಾಡಿಲಾಕ್ ಮಾರಿಬಿಟ್ಟೆ ಕಣೇ. ದೊಡ್ಡ ಎಂಜಿನ್ನು, ಡಿಸ್ಕ್ ಬ್ರೇಕು ಅಂತ ಗಂಟೆಲ್ಲ ಅದಕ್ಕೇ ಸುರಿದ ಮನುಷ್ಯ. ಅದರ ಸದ್ದು ಬೀದಿ ತಿರುವಿನಲ್ಲಿ ಕೇಳಿದರೆ ಸಾಕು, ನಾನು ಊಟ ಬಿಸಿಗಿಡ್ತಿದ್ದೆ.

ಕೊಳ್ಳೋಕೆ ಬಂದವನು ಟೊಲೀಡೊ ಕಡೆಯವನು, ಟಟಲ್ ಅಂತ. ನೋಡಿದ ಕೂಡಲೇ ನಂಗೆ ಅನುಮಾನ, ನಗು ಜಾಸ್ತಿ. ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು ಕಾರಿನ ಮೈಯೆಲ್ಲ ಸವರಿಕೊಂಡು ಬಂದ. ಬಲಗಡೆ ಮುಂದಿನ ಬಾಗಿಲಲ್ಲಿ, ಡ್ರೈವರ್ ಪಕ್ಕ ಕೂರೋರ ಕಡೆ, ಅದು ಜಾರಿ ಬಿತ್ತು.

"ಮೇಡಂ, ಇಲ್ಲಿ ತಗಡಿನ ಮೇಲೆ ದಪ್ಪಗೆ ಪುಟ್ಟಿ ಮೆತ್ತಿದಾರೆ, ಅದಕ್ಕೇ ಅಯಸ್ಕಾಂತ ಕಚ್ಚಲ್ಲ. ಗಾಡಿ ಎಲ್ಲೋ ಜೋರಾಗಿ ಗುದ್ದಿದೆ."

"ಏನಯ್ಯಾ, ಬೆಲೆ ಇಳಿಸೋಕೆ ನಾಟಕಾನಾ? ನನ್ನ ಗಂಡ ಇದರ ಮೇಲೆ ನೊಣ ಕೂರೋಕೂ ಬಿಟ್ಟವನಲ್ಲ," ಅಂದೆ. ಅವನ ಅಯಸ್ಕಾಂತದಲ್ಲೇ ಮೋಸ ಇರಬೇಕು ಅಂತ ಫ್ರಿಜ್ ಮೇಲಿಂದ ನಮ್ಮದೇ ಒಂದು ಕಿತ್ತುತಂದೆ. ಎಲ್ಲ ಕಡೆ ಕಚ್ಚಿಕೊಳ್ತು. ಆ ಬಾಗಿಲಲ್ಲಿ ಮಾತ್ರ ಅದೂ ಬಿತ್ತು.

ನಾನು ಸುಮ್ಮನಿರ್ತೀನಾ? ಎಂಜಿನ್ ಕೂರಿಸಿದ ಲೆಮ್ಯುಯೆಲ್‌ನ ಗ್ಯಾರೇಜಿಗೇ ಹೋದೆ.

"ಹಳೇ ಕಥೆ ಬಿಡಿ ಅಕ್ಕಾ," ಅಂದ. "ಎಪ್ಪತ್ತೊಂದರ ಬೇಸಿಗೇಲಿ, ಹೊಸ ಎಂಜಿನ್ ಹುಮ್ಮಸ್ಸಲ್ಲಿ ಕಂಬಕ್ಕೆ ಗುದ್ದಿಸಿದ. ನಿಮಗೆ ಹೇಳಬಾರದು ಅಂತ ಆಣೆ ಹಾಕಿಸ್ಕೊಂಡ."

ಎಂಜಿನ್ ಕೆಲಸ ಇನ್ನೂ ಮುಗಿದಿಲ್ಲ ಅಂತ ಆಗ ರೂಫಸ್ ದಿನಾ ನನಗೆ ಹೇಳ್ತಿದ್ದನಲ್ಲ, ಅದು ಇದಕ್ಕೇ!

"ಪಕ್ಕದಲ್ಲಿ ಯಾರಿದ್ರು?" ಅಂತ ಕೇಳಿದೆ.

"ಕಾಫಿ ಕುಡೀತೀರಾ ಅಕ್ಕಾ?" ಅಂದ. ಬೇಡ ಅಂತ ಎದ್ದು ಬಂದೆ.

ಮರುದಿನ ಟಟಲ್ ಕೇಳಿದ ಬೆಲೆಗೇ ಕೊಟ್ಟೆ. ಅವನು ಹೊರಟಾಗ ಆ ಸದ್ದು ಕೇಳಬಾರದು ಅಂತ ಅಡುಗೆಮನೆ ನಲ್ಲಿ ಬಿಟ್ಕೊಂಡು ನಿಂತಿದ್ದೆ. ಸತ್ತವನ ಮೇಲೆ ಸಿಟ್ಟು ಮಾಡಿ ಏನು ಬಂತು, ಆದರೂ ಸಿಟ್ಟು ಬರುತ್ತೆ.

ಅರಿಜೋನಾದ ಬಿಸಿಲು ನಿನ್ನ ಮೈಗೆ ಒಗ್ಗಲಿ. ಮೊಮ್ಮಕ್ಕಳಿಗೆ ನನ್ನ ಮುತ್ತು. ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ.

ನಿನ್ನ
ವರ್ಲೀನ್

ಮತ್ತೊಂದು ಮಾತು: ಅದೇ ಬೇಸಿಗೇಲಿ ನೀನು ಬಲಗೈಗೆ ಪ್ಲಾಸ್ಟರ್ ಹಾಕಿಸ್ಕೊಂಡು ಬಂದಿದ್ದೆ, ಚರ್ಚಿನ ಮೆಟ್ಟಿಲಲ್ಲಿ ಜಾರಿಬಿದ್ದೆ ಅಂತ. ಮೂಳೆ ಕೂಡೋವರೆಗೂ ನಿನ್ನ ತಲೆ ಬಾಚಿದವಳು ನಾನು. ಪ್ರತಿ ಸಂಜೆ ನಿನಗೆ ಸೂಪು ಕಳಿಸ್ತಿದ್ದೆ, ರೂಫಸ್ ಕೈಲೇ.