ಇಪ್ಪತ್ತನಾಲ್ಕು ಗುಂಡಿಗಳ ಮಾತು

ಮನೆಯ ಮಹಡಿ ಕೋಣೆಯಿಂದ,
ಹನ್ನೊಂದನೇ ತಾರೀಖು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯೆ? ಇಂಜಿನ್ ಕೋಣೆಯ ಸೆಕೆಗೆ ಕುತ್ತಿಗೆಯ ಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ಎಡಗಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದು ಮೊದಲೊಮ್ಮೆ ನೀನೇ ಬರೆದಿದ್ದೆ. ಕಿವಿ ಮುಚ್ಚುವ ಸಾಧನವನ್ನು ಕಿವಿಗೆ ಹಾಕಿಕೊಳ್ಳುವ ಬದಲು ಕೊರಳಿಗೆ ನೇತುಹಾಕಿಕೊಂಡು ಓಡಾಡುವವಳು ನೀನು, ನನಗೆ ಗೊತ್ತಿಲ್ಲವೇ? ದಯವಿಟ್ಟು ಕಿವಿಗೇ ಹಾಕಿಕೋ. ನಿಮ್ಮ ಹಡಗಿಗೆ ಸಾಮಾನು ತರುವ ದೋಣಿ ಬುಧವಾರ ಹೊರಡುತ್ತದಂತೆ. ಅದು ತಪ್ಪಿದರೆ ಇನ್ನು ಆರು ವಾರ ಕಾಯಬೇಕು. ಅದಕ್ಕೇ ಒಗೆಯುವ ಬಟ್ಟೆಯನ್ನೆಲ್ಲ ಹಾಗೇ ಬಿಟ್ಟು ಬರೆಯಲು ಕೂತಿದ್ದೇನೆ.

ಅಮ್ಮ ಈಗ ಗೋಡೆ ಹಿಡಿದುಕೊಂಡು ಕಿಟಕಿಯವರೆಗೆ ನಡೆಯುತ್ತಾಳೆ. ಬಲಗೈ ಇನ್ನೂ ಮಾತು ಕೇಳುವುದಿಲ್ಲ, ಊಟ ಎಡಗೈಯಲ್ಲೇ. ನೀನು ಹಡಗು ಹತ್ತಿದ ಮೂರನೇ ತಿಂಗಳಿಗೆ ಅವಳಿಗೆ ಲಕ್ವಾ ಹೊಡೆದು ಮಾತು ನಿಂತ ಸಂಗತಿಯನ್ನು ಹಿಂದಿನ ಪತ್ರದಲ್ಲಿ ಬರೆದೆನಲ್ಲ, ಅದಕ್ಕೆ ನಿನ್ನಿಂದ ಬಂದಿದ್ದು ಎರಡೇ ಸಾಲು. ‘ಕೆಲಸ ಬಿಟ್ಟು ಬಂದ್ಬಿಡ್ಲೇನೋ? ಅಮ್ಮನ ಸಿಟ್ಟು ಇಳಿದಿದ್ಯಾ?’ ಆ ಎರಡು ಸಾಲು ಬರೆಯಲು ನೀನು ಎಷ್ಟು ಕಾಗದ ಹರಿದಿರಬಹುದು ಎಂದು ಊಹಿಸಬಲ್ಲೆ. ಮಾತಿನ ಅಭ್ಯಾಸ ಮಾಡಿಸಲು ವಾರಕ್ಕೆರಡು ಸಲ ಬರುವ ಮೇಡಂ ಹೇಳುವುದು ಇಷ್ಟು: ‘ತಲೆಯಲ್ಲಿ ಮಾತೆಲ್ಲಾ ಹಾಗೇ ಇದೆ. ನಾಲಿಗೆ ಮಾತ್ರ ಕೈಕೊಟ್ಟಿದೆ.’ ಅಕ್ಷರಗಳ ಹಾಳೆಯೊಂದನ್ನು ಅವರು ಕೊಟ್ಟಿದ್ದಾರೆ. ಅಮ್ಮ ಎಡಗೈ ಬೆರಳಿಂದ ಒಂದೊಂದೇ ಅಕ್ಷರ ತೋರಿಸುತ್ತಾಳೆ. ‘ನೀರು’ ಎನ್ನುವಷ್ಟರಲ್ಲಿ ಬಾಯಾರಿಕೆಯೇ ಹೋಗಿಬಿಟ್ಟಿರುತ್ತದೆ. ಒಂದು ದಿನ ರೇಗಿ ಹಾಳೆಯನ್ನು ಮಂಚದ ಕೆಳಗೆ ಎಸೆದಳು. ನಾಲ್ಕು ಬೀದಿಯ ಗಿರಾಕಿಗಳನ್ನು ಒಂದೇ ಗದರಿಕೆಯಲ್ಲಿ ಸಾಲಿಗೆ ನಿಲ್ಲಿಸುತ್ತಿದ್ದ ದರ್ಜಿ ಅವಳು. ಅಂಥವಳು ಹಾಗೆ ಸುಮ್ಮನೆ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನನ್ನಿಂದ ನೋಡಲಾಗಲಿಲ್ಲ.

ಫೋನಿನಲ್ಲಿ ಏನಾದರೂ ಮಾಡೋಣ ಎಂದುಕೊಂಡೆ. ಆಗಲಿಲ್ಲ. ನಡುಗುವ ಬೆರಳು ಎಲ್ಲೆಲ್ಲೋ ತಾಗಿ, ನೀರು ಕೇಳಲು ಹೊರಟವಳು ಯಾರಿಗೋ ಕರೆ ಮಾಡಿರುತ್ತಿದ್ದಳು. ಹಳೆಯ ಲ್ಯಾಪ್‌ಟಾಪ್ ಇಟ್ಟರೆ ಅದು ಮೊದಲು ಪಾಸ್‌ವರ್ಡ್ ಕೇಳುತ್ತದೆ, ಆಮೇಲೆ ಅಪ್‌ಡೇಟ್ ಮಾಡಲೇ ಎನ್ನುತ್ತದೆ. ಅಮ್ಮನಿಗೆ ಬೇಕಾಗಿದ್ದು ಒಂದೇ ಒಂದು ಕೆಲಸ ಬಲ್ಲ, ಅದರಾಚೆ ಏನನ್ನೂ ಕೇಳದ ಯಂತ್ರ. ಅಂಥದ್ದು ನನ್ನ ಕಣ್ಣೆದುರಿಗೇ ಬಿದ್ದಿತ್ತು. ನಮ್ಮ ವರ್ಕ್‌ಶಾಪಿನ ಮೂಲೆಯಲ್ಲಿ ಗುಜರಿಗೆ ಹೋಗಲಿದ್ದ ಬಸ್ ಟಿಕೆಟ್ ಯಂತ್ರಗಳು. ಕುಲುಕಾಡುವ ಬಸ್ಸಿನಲ್ಲಿ ಒತ್ತಲೆಂದೇ ಮಾಡಿದ ಇಪ್ಪತ್ತನಾಲ್ಕು ದಪ್ಪ ಗುಂಡಿಗಳು, ನಿಲ್ದಾಣದ ಹೆಸರು ಕೂಗುವ ಸ್ಪೀಕರ್, ಒಳಗೊಂದು ಪುಟ್ಟ ಕಂಪ್ಯೂಟರ್. ಕೇಳಿದ್ದಕ್ಕೆ ಮೇಸ್ತ್ರಿ, ‘ಒಂದ್ಯಾಕೆ, ಎರಡು ತಗೊಂಡ್ಹೋಗು. ಒಂದನ್ನ ಹೇಗೂ ಕೆಡಿಸ್ತೀಯ’ ಎಂದರು.

ಯಂತ್ರ ಸಿಕ್ಕಿತು, ಇನ್ನು ಅದರ ತಲೆ ಬದಲಾಗಬೇಕು. ನನ್ನ ಕೆಲಸ ಏನೆಂದು ನೀನು ಎಷ್ಟು ಸಲ ಕೇಳಿದ್ದೀಯೆ, ನಾನು ಎಷ್ಟು ಸಲ ಕೆಟ್ಟದಾಗಿ ವಿವರಿಸಿದ್ದೇನೆ! ಈ ಸಲ ಕೇಳು. ಇಂಥ ಯಂತ್ರ ಎಚ್ಚರಗೊಂಡ ಕೂಡಲೇ ಏನೇನು ಮಾಡಬೇಕು ಎನ್ನುವುದೆಲ್ಲ ಅದರ ಆಪರೇಟಿಂಗ್ ಸಿಸ್ಟಂನಲ್ಲಿ ಇರುತ್ತದೆ. ಆ ಇಡೀ ವ್ಯವಸ್ಥೆಯ ಅಚ್ಚನ್ನು ಒಂದೇ ಫೈಲಿನಲ್ಲಿ ಎರಕ ಹೊಯ್ದರೆ ಅದನ್ನು ನಾವು ಇಮೇಜ್ ಎನ್ನುತ್ತೇವೆ. ಉಗುರಿನಷ್ಟು ದೊಡ್ಡ ಕಾರ್ಡಿಗೆ ಅದನ್ನು ಬರೆದು ಯಂತ್ರಕ್ಕೆ ಸಿಕ್ಕಿಸುತ್ತೇವೆ. ಇಮೇಜ್ ಕಟ್ಟುವ ಸಾಧನಕ್ಕೆ ಚಿತ್ರವಿಲ್ಲ, ಬಣ್ಣವಿಲ್ಲ, ಕರಿ ಪರದೆ ಅಷ್ಟೇ. ಏನು ಇರಬೇಕು, ಏನು ಇರಬಾರದು ಎಂದು ಒಂದು ಪಟ್ಟಿ ಬರೆದಿಟ್ಟು, ಪರದೆಯಲ್ಲಿ ಒಂದು ಸಾಲಿನ ಆಜ್ಞೆ ಟೈಪ್ ಮಾಡಿ ಎಂಟರ್ ಒತ್ತಬೇಕು. ಆಮೇಲೆ ನಲವತ್ತು ನಿಮಿಷ ಸಾಲುಗಳು ಉರುಳುತ್ತಲೇ ಇರುತ್ತವೆ. ಎಲ್ಲೋ ಒಂದು ಸಾಲು ಕೆಂಪಗೆ ನಿಂತರೆ ಮತ್ತೆ ಮೊದಲಿಂದ. ಊಟದ ಬಿಡುವಿನಲ್ಲಿ ಆಜ್ಞೆ ಕೊಟ್ಟು ಡಬ್ಬಿ ಬಿಚ್ಚುತ್ತಿದ್ದೆ. ಕೈ ತೊಳೆದು ಬರುವಷ್ಟರಲ್ಲಿ ಇಮೇಜ್ ತಯಾರು, ಇಲ್ಲವೇ ನನ್ನ ಮುಖ ಕೆಂಪು.

ಮೊದಲನೆಯದನ್ನು ಹುಮ್ಮಸ್ಸಿನಿಂದ ಮನೆಗೆ ತಂದೆ. ಅಮ್ಮ ‘ನೀರು’ ಎಂಬ ಗುಂಡಿ ಒತ್ತಿದಳು. ಕಿರ್ರೆಂದು ಒಂದು ಬಸ್ ಟಿಕೆಟ್ ಹೊರಗೆ ಬಂತು! ಟಿಕೆಟ್ ಮುದ್ರಿಸುವ ಭಾಗವನ್ನು ಪಟ್ಟಿಯಿಂದ ತೆಗೆಯುವುದನ್ನೇ ಮರೆತಿದ್ದೆ. ಎರಡನೆಯದರಲ್ಲಿ ಅದನ್ನು ಕಿತ್ತೆ. ಕೀಳುವ ಉತ್ಸಾಹದಲ್ಲಿ ಧ್ವನಿಯ ಭಾಗವನ್ನೂ ಕಿತ್ತುಹಾಕಿದ್ದೆನಂತೆ. ಅಮ್ಮ ಒತ್ತಿದಳು, ದೀಪ ಹತ್ತಿತು, ಸದ್ದಿಲ್ಲ. ಮತ್ತೆ ಒತ್ತಿದಳು, ಇಲ್ಲ. ಅವಳು ಒಮ್ಮೆ ಯಂತ್ರದ ಕಡೆ, ಒಮ್ಮೆ ತನ್ನ ಬಾಯಿಯ ಕಡೆ ಬೆರಳು ತೋರಿಸಿ, ಅರ್ಧ ಮುಖದಲ್ಲಿ ನಕ್ಕುಬಿಟ್ಟಳು ಅಕ್ಕಾ. ನಾಲ್ಕು ತಿಂಗಳ ಮೇಲೆ ಕಂಡ ನಗು. ಆ ಇಮೇಜನ್ನು ನಾನು ಇವತ್ತಿಗೂ ಅಳಿಸಿಲ್ಲ.

ಮೂರನೆಯದು ಮಾತಾಡಿತು. ಅದಕ್ಕೆ ಕಂಪ್ಯೂಟರಿನ ಧ್ವನಿ ಹಾಕಿದ್ದೆ, ಗಂಟಲಿಗೆ ತಗಡು ಬಡಿದಂಥ ಧ್ವನಿ. ‘ನೀ-ರು ಬೇ-ಕು’ ಎಂದಿತು. ಅಮ್ಮ ಪೂರ್ತಿ ಕೇಳಲೂ ಇಲ್ಲ. ವೈರು ಹಿಡಿದು ಗೋಡೆಯಿಂದ ಕಿತ್ತೇಬಿಟ್ಟಳು. ಹಾಗೆ ದಿಢೀರನೆ ಕರೆಂಟು ಹೋದರೆ ಕಾರ್ಡಿನಲ್ಲಿ ಬರೆದದ್ದು ಕಲಸಿಹೋಗುತ್ತದೆ. ಮರುದಿನ ಯಂತ್ರ ಏಳಲೇ ಇಲ್ಲ. ನಾಲ್ಕನೆಯದನ್ನು ಓದಲು ಮಾತ್ರ ಬರುವ ಹಾಗೆ, ಕಾರ್ಡಿನ ಮೇಲೆ ಏನನ್ನೂ ಬರೆಯದ ಹಾಗೆ ಕಟ್ಟಿದೆ. ಈಗ ಸಾವಿರ ಸಲ ವೈರು ಎಳೆದರೂ ಸಾವಿರ ಸಲ ಎದ್ದು ಕೂರುತ್ತದೆ. ‘ನಿಮ್ಮಮ್ಮನಿಗೆ ತಕ್ಕ ಯಂತ್ರ ಬಿಡು’ ಎಂದರು ಮೇಸ್ತ್ರಿ. ಆದರೆ ಅಮ್ಮ ಅದನ್ನು ಮುಟ್ಟಲಿಲ್ಲ. ಹಾಳೆಯಲ್ಲಿ ತೋರಿಸಿದಳು: ‘ಇದು ಮನುಷ್ಯರದ್ದಲ್ಲ.’

ಅವಳದೇ ಧ್ವನಿ ಹಾಕೋಣವೆಂದರೆ ಎಲ್ಲಿದೆ? ಫೋನ್ ಎತ್ತಿದರೆ ‘ಯಾರು? ಇಡ್ತೀನಿ’ ಎನ್ನುತ್ತಿದ್ದವಳು. ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ತುಣುಕು. ತಪ್ಪಿ ರೆಕಾರ್ಡ್ ಒತ್ತಿ, ‘ಇದನ್ನ ಹೇಗೋ ನಿಲ್ಲಿಸೋದು?’ ಎಂದು ನನ್ನನ್ನು ಕೂಗಿದ್ದು. ಹಾಗೆ ಹುಡುಕುತ್ತಿರುವಾಗಲೇ ನೀನು ತರಬೇತಿಯ ಮೂರು ವರ್ಷ ಹಾಸ್ಟೆಲಿನಿಂದ ಕಳಿಸುತ್ತಿದ್ದ ವಾಯ್ಸ್ ಮೆಸೇಜುಗಳು ಸಿಕ್ಕವು. ಟೈಪ್ ಮಾಡಲು ಸೋಮಾರಿತನ ನಿನಗೆ. ಪುಣ್ಯ ಬಂತು, ಸೋಮಾರಿಯಾಗಿದ್ದಕ್ಕೆ. ಒಂದನ್ನು ಕೇಳುತ್ತಿದ್ದೆ, ಪಕ್ಕದ ಕೋಣೆಯಿಂದ ಅಮ್ಮ ಗೋಡೆ ತಟ್ಟಿದಳು. ಹೋದೆ. ಫೋನನ್ನು ತೋರಿಸಿದಳು, ಯಂತ್ರವನ್ನು ತೋರಿಸಿದಳು. ಮತ್ತೆ ಫೋನು, ಮತ್ತೆ ಯಂತ್ರ. ನಿನ್ನ ಧ್ವನಿಯನ್ನೇ ಯಂತ್ರಕ್ಕೆ ಹಾಕು ಎನ್ನುತ್ತಿದ್ದಳು.

ಎರಡು ಭಾನುವಾರ ಕೂತು ಆ ಮೆಸೇಜುಗಳಿಂದ ಒಂದೊಂದೇ ಮಾತು ಕತ್ತರಿಸಿ ತೆಗೆದೆ. ನಲ್ಲಿ ಕೆಟ್ಟು ಮೂರು ದಿನವಾಗಿದ್ದಾಗ ಮೆಸೇಜಿನ ನಡುವೆಯೇ ವಾರ್ಡನ್‌ಗೆ ಹೇಳಿದ್ದೆಯಲ್ಲ, ‘ನೀರು ಬೇಕು’ ಅಂತ, ಅದು. ಕೋಣೆಯ ಗೆಳತಿಗೆ ಅಂದ ‘ಕಿಟಕಿ ತೆಗಿಯೇ.’ ಯಾರೋ ಕಚಗುಳಿ ಇಟ್ಟಾಗ ನಗುತ್ತಲೇ ಅಂದ ‘ಸಾಕು, ಸಾಕು.’ ಹಾಗಾಗಿ ಅಮ್ಮ ಈಗ ನೀರನ್ನು ಜಗಳವಾಡಿ ಕೇಳುತ್ತಾಳೆ, ಊಟವನ್ನು ನಗುತ್ತಾ ಮುಗಿಸುತ್ತಾಳೆ. ಹುಟ್ಟಿದಾಗಿನಿಂದ ನನ್ನನ್ನು ‘ಮಗಾ’ ಎನ್ನುತ್ತಿದ್ದವಳು ಈಗ ದಿನವಿಡೀ ‘ಲೋ ಮೋಟು!’ ಎಂದು ಕರೆಯುತ್ತಾಳೆ, ಏಕೆಂದರೆ ನೀನು ನನ್ನನ್ನು ಬೇರೆ ಯಾವ ಹೆಸರಿನಿಂದ ಕರೆದದ್ದಿದೆ? ಅವಳದೇ ಆ ಒಂದು ತುಣುಕಿಗೂ ಮೂಲೆಯ ಗುಂಡಿ ಕೊಟ್ಟಿದ್ದೇನೆ. ಅಭ್ಯಾಸದ ಮೇಡಂ ಅತಿಯಾಗಿ ಹೊಗಳಿದಾಗ ಅದನ್ನು ಒತ್ತುತ್ತಾಳೆ: ‘ಇದನ್ನ ಹೇಗೋ ನಿಲ್ಲಿಸೋದು?’

ಐದು, ಆರನೆಯವು ಕೆಂಪು ಸಾಲಿಗೇ ನಿಂತುಹೋದವು. ನಿನ್ನ ಧ್ವನಿ ಹಾಕಿದ ಏಳನೇ ಇಮೇಜ್ ತಂದ ದಿನದ ಕತೆ ಹೇಳದೆ ಹೇಗೆ ಇರಲಿ? ಯಂತ್ರ ಹಚ್ಚಿಟ್ಟು ನಾನು ಅಡುಗೆಮನೆಗೆ ಹೋಗಿದ್ದೆ. ‘ನೀರು ಬೇಕು’ ಎಂದೆ ನೀನು. ಯಂತ್ರ ಕಟ್ಟಿದವನು ನಾನೇ, ಆ ಮಾತು ಕತ್ತರಿಸಿದವನೂ ನಾನೇ. ಆದರೂ ಲೋಟ ಬಿಟ್ಟು ಮೆಟ್ಟಿಲ ಕಡೆ ಓಡಿದೆ. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ನೀರು ಕೊಟ್ಟೆ. ಅಮ್ಮ ಗುಟುಕರಿಸಲಿಲ್ಲ, ಮತ್ತೆ ಒತ್ತಿದಳು. ಇನ್ನೊಂದು ಲೋಟ ತಂದೆ. ಮತ್ತೆ ಒತ್ತಿದಳು. ಮೂರು ತುಂಬಿದ ಲೋಟ ಅವಳ ಮುಂದೆ ಸಾಲಾಗಿ ಕೂತ ಮೇಲೆ, ಅವಳಿಗೆ ಬಾಯಾರಿಕೆ ಇಲ್ಲ ಎಂದು ನನ್ನ ಮಂಡೆಗೆ ಹೊಳೆಯಿತು. ಪಕ್ಕದಲ್ಲಿ ಕೂತೆ. ಇಬ್ಬರೂ ಕೇಳುತ್ತಾ ಕೂತೆವು.

ಬಂದುಬಿಡಲೇ ಎಂದು ಕೇಳಿದ್ದೀಯೆ. ಬಾ ಎಂದು ಬರೆಯಲು ಕೈ ತುರಿಸುತ್ತಿದೆ. ಮನೆ ತುಂಬ ನಿನ್ನ ದನಿ ಇದೆ, ನೀನಿಲ್ಲ. ಬೈದರೆ ತಿರುಗಿ ಬೈಯಲು ಯಾರೂ ಸಿಗುವುದಿಲ್ಲ. ಆದರೆ ಅರ್ಧಕ್ಕೆ ಬರಬೇಡ. ನಿನ್ನ ಒಪ್ಪಂದದಲ್ಲಿ ಉಳಿದಿರುವ ಐದು ತಿಂಗಳು ಮುಗಿಸಿಯೇ ಬಾ. ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ, ಇಲ್ಲವೆಂದರೆ ನೀನೇ ದಿನಕ್ಕೆ ಮೂವತ್ತು ಸಲ ಗದರಿಸಿ ನನ್ನ ಕೈಲಿ ನೋಡಿಕೊಳ್ಳುವಂತೆ ಮಾಡುತ್ತೀಯೆ.

ಮೇಸ್ತ್ರಿಯೂ ಅಭ್ಯಾಸದ ಮೇಡಂ ಅವರೂ ನಿನ್ನನ್ನು ಕೇಳಿದರು. ಬಿಸಿ ಪೈಪುಗಳ ಹತ್ತಿರ ಕೈ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ ದಾರಿ ಕಾಯುವ
ಮೋಟು

ಮರೆತಿದ್ದೆ: ಲಕೋಟೆ ಅಂಟಿಸುವಾಗ ಅಮ್ಮ ಕೈ ಹಿಡಿದು ನಿಲ್ಲಿಸಿದಳು. ನಿನ್ನ ಎರಡನೇ ಪ್ರಶ್ನೆಗೆ, ಅವಳ ಸಿಟ್ಟು ಇಳಿಯಿತೇ ಎಂಬುದಕ್ಕೆ, ನಾನು ಉತ್ತರಿಸಿಲ್ಲವಲ್ಲ. ನೀನು ಹೊರಟ ದಿನ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ‘ಹೋಗೋರಿಗೆ ಬಾಗಿಲು ಎಲ್ಲಿದೆ ಅಂತ ಗೊತ್ತಿರತ್ತೆ’ ಎಂದಳಲ್ಲ, ಅದೇ ಅವಳು ನಿನಗೆ ಆಡಿದ ಕೊನೆಯ ಮಾತು. ಈಗ ಹಾಳೆಯಲ್ಲಿ ಇಪ್ಪತ್ತು ನಿಮಿಷ ಹಿಡಿದು ಒಂದು ವಾಕ್ಯ ತೋರಿಸಿದಳು: ‘ನೀನು ಹೋಗಿದ್ದು ಸರಿ ಮಗಳೇ.’ ಇದನ್ನು ಯಂತ್ರಕ್ಕೆ ಹಾಕಬೇಕಂತೆ. ನಿನ್ನ ಹಳೆಯ ಮಾತುಗಳಿಂದ ಚೂರು ಚೂರು ಆರಿಸಿ ಜೋಡಿಸಿ ಕೇಳಿಸಿದೆ, ಬೇಡವೆಂದು ತಲೆಯಾಡಿಸಿದಳು. ಅದಕ್ಕೇ ಲಕೋಟೆಯ ಜೊತೆಗೆ ಕಟ್ಟಿದ ಪೊಟ್ಟಣದಲ್ಲಿ ಪುಟ್ಟ ರೆಕಾರ್ಡರ್ ಇಟ್ಟಿದ್ದೇನೆ. ಆ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಿ ವಾಪಸು ಕಳಿಸು. ಹಿಂದೆ ಇಂಜಿನ್ ಸದ್ದು ಇದ್ದರೂ ಪರವಾಗಿಲ್ಲ. ಎಂಟನೇ ಇಮೇಜ್‌ನಲ್ಲಿ ಅದಕ್ಕೊಂದು ಗುಂಡಿ ಖಾಲಿ ಬಿಟ್ಟಿದ್ದೇನೆ. ರೆಕಾರ್ಡರ್ ಇಲ್ಲಿಗೆ ಬಂದ ಮೇಲೆ ಯಾವುದಾದರೂ ಬಂದರಿನಿಂದ ನೀನು ಫೋನ್ ಮಾಡಿದಾಗ ಅದನ್ನು ಅಮ್ಮ ತಾನೇ ಒತ್ತುತ್ತಾಳಂತೆ.